ಟ್ರ್ಯಾಕ್ ಡೇಗೆ ಸಣ್ಣ ಕಾರಿನ ವೀಲ್: ಕಡಿಮೆ ಖರ್ಚಿನಲ್ಲಿ ಆರಿಸುವುದು ಹೇಗೆ?

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನಲ್ಲಿ 3.7 ಕಿ.ಮೀ. ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್ ಇದೆ, ಕೊಯಮತ್ತೂರು ಬಳಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಸ್ವಂತ ಸ್ವಿಫ್ಟ್, ಐ20, ಜಾಝ್ ಅಥವಾ ಪೋಲೊ ಓಡಿಸಿಕೊಂಡು ಬೆಂಗಳೂರಿನಿಂದ ಅಲ್ಲಿಗೆ ಟ್ರ್ಯಾಕ್ ಡೇಗೆ, ಅಂದರೆ ನಮ್ಮದೇ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನಕ್ಕೆ, ಹೋಗುವವರು ಟ್ರ್ಯಾಕ್‌ಗೆಂದೇ ಇನ್ನೊಂದು ಸೆಟ್ ವೀಲ್ ಇಟ್ಟುಕೊಳ್ಳುವುದು ಒಳ್ಳೆಯದು. ಆದರೆ ಅಂಗಡಿಗೆ ಹೋದ ಕೂಡಲೇ ಕಣ್ಣು ಹೋಗುವುದು 17 ಇಂಚಿನ ಮಿರಮಿರ ಮಿಂಚುವ ಅಲಾಯ್ ಕಡೆಗೆ. ಅದನ್ನು ಬಿಡಿ. ನಿಮ್ಮ ಕಾರಿಗೆ ಕಂಪನಿಯೇ ಕೊಡುವ 15 ಇಂಚಿನ ಅಲಾಯ್ ಸೆಟ್ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ. ಕಾರು ಕೊಂಡ ಹೊಸತರಲ್ಲೇ ದೊಡ್ಡ ವೀಲ್ ಹಾಕಿಸಿದವರು ಬಿಚ್ಚಿ ಕೊಟ್ಟ ಸೆಟ್‌ಗಳು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸಿಗುತ್ತವೆ. ಉಳಿದ ದುಡ್ಡು ಟೈರ್‌ಗೆ ಮತ್ತು ಬ್ರೇಕ್ ಪ್ಯಾಡ್‌ಗೆ ಹೋಗಲಿ. ಲ್ಯಾಪ್ ಸಮಯ ಇಳಿಯುವುದು ಅವುಗಳಿಂದ.

ಸಣ್ಣ ವೀಲ್ ಯಾಕೆ? ವ್ಯಾಸ ಹೆಚ್ಚಿದಂತೆ ವೀಲ್‌ನ ತೂಕ ಹಬ್‌ನಿಂದ (ಕಾರಿನಲ್ಲಿ ವೀಲ್ ಕೂರುವ ನಡುಭಾಗದಿಂದ) ದೂರ ಸರಿಯುತ್ತದೆ. ಅದನ್ನು ತಿರುಗಿಸಲು ಎಂಜಿನ್‌ಗೂ ನಿಲ್ಲಿಸಲು ಬ್ರೇಕ್‌ಗೂ ಹೆಚ್ಚು ಕೆಲಸ. 80–110 ಬಿಎಚ್‌ಪಿ ಕಾರಿನಲ್ಲಿ ಇದು ಕೂಡಲೇ ಗೊತ್ತಾಗುತ್ತದೆ. 15 ಇಂಚಿಗೆ ಟೈರ್ ಕೂಡ ಅಗ್ಗ. ಅಂಗಡಿಗೆ ಹೋಗುವಾಗ ಲಗೇಜ್ ತೂಗುವ ಕೈತಕ್ಕಡಿ ಒಯ್ಯಿರಿ. ಹೇಳಿದ ತೂಕ ನಂಬುವುದಕ್ಕಿಂತ ತೂಗಿ ನೋಡುವುದು ಸುಲಭ.

ಸ್ಟೀಲ್ ವೀಲ್ ಕೂಡ ಕೆಟ್ಟ ಆಯ್ಕೆಯಲ್ಲ. ತುಸು ಭಾರ, ಬ್ರೇಕ್‌ಗೆ ಗಾಳಿ ಕಡಿಮೆ. ಆದರೆ ಏಟು ಬಿದ್ದರೆ ಒಡೆಯುವ ಬದಲು ಸಾಮಾನ್ಯವಾಗಿ ಬಾಗುತ್ತದೆ.

ಅಳತೆ ತೆಗೆಯುವುದು

ಮೊದಲು ಪಿಸಿಡಿ, ಅಂದರೆ ನಟ್ ತೂತುಗಳ ಕೇಂದ್ರಗಳು ಕೂರುವ ವೃತ್ತದ ವ್ಯಾಸ. ನಾಲ್ಕು ತೂತಿನ ವೀಲ್‌ನಲ್ಲಿ ಎದುರುಬದುರು ತೂತುಗಳ ಕೇಂದ್ರದಿಂದ ಕೇಂದ್ರಕ್ಕೆ ಅಳೆದರೆ ಮುಗಿಯಿತು. ಐದು ತೂತಿದ್ದರೆ ಪಕ್ಕಪಕ್ಕದ ಎರಡು ಕೇಂದ್ರಗಳ ಅಂತರವನ್ನು 1.701ರಿಂದ ಗುಣಿಸಿ, 58.8 ಮಿ.ಮೀ. ಬಂದರೆ ಅದು 100. ಸ್ವಿಫ್ಟ್, ಐ20, ಜಾಝ್ 4x100 (ನಾಲ್ಕು ತೂತು, 100 ಮಿ.ಮೀ.), ಪೋಲೊ 5x100, ಫಿಯಟ್ ಪುಂಟೊ 4x98. ಪುಂಟೊಗೆ 4x100 ವೀಲ್ ಕೂರಿಸಿ ಬಿಗಿ ಮಾಡಿಬಿಡುವವರು ಇದ್ದಾರೆ. ವ್ಯತ್ಯಾಸ ಎರಡೇ ಮಿ.ಮೀ. ಆದರೂ ಬೋಲ್ಟ್ ಓರೆಯಾಗಿ ಕೂರುತ್ತದೆ, ಬಿಸಿಯಾದ ಮೇಲೆ ಸಡಿಲವಾಗುತ್ತದೆ. ಟ್ರ್ಯಾಕ್‌ನಲ್ಲಿ ವೀಲ್ ಕಳಚಿಹೋಗಲು ಅಷ್ಟು ಸಾಕು.

ಮುಂದಿನದು ನಡುವಿನ ತೂತು. ಸ್ವಿಫ್ಟ್ ಮತ್ತು ಐ20ಗೆ 54.1 ಮಿ.ಮೀ., ಜಾಝ್‌ಗೆ 56.1, ಪೋಲೊಗೆ 57.1. ಹೊರಗಿನ ಕಂಪನಿಗಳ ಅಲಾಯ್‌ನಲ್ಲಿ ಎಲ್ಲ ಕಾರಿಗೂ ಹೊಂದಲೆಂದು ಇದನ್ನು ದೊಡ್ಡದಾಗಿ ಬಿಟ್ಟಿರುತ್ತಾರೆ, 73.1 ಸಾಮಾನ್ಯ. ನಡುವಿನ ಸಂದನ್ನು ಹಬ್ ರಿಂಗ್‌ನಿಂದ ತುಂಬಬೇಕು. ಇಲ್ಲದಿದ್ದರೆ ವೀಲ್ ನೇರ ಕೂರದೆ ಸ್ಟೀರಿಂಗ್ ನಡುಗುತ್ತದೆ. ಪ್ಲಾಸ್ಟಿಕ್ ರಿಂಗ್ ಬ್ರೇಕ್ ಶಾಖಕ್ಕೆ ಮೆತ್ತಗಾಗುತ್ತದೆ, ಅಲ್ಯೂಮಿನಿಯಂದೇ ಹಾಕಿಸಿ.

ಹೆಚ್ಚು ಜನ ಎಡವುವುದು ಆಫ್‌ಸೆಟ್‌ನಲ್ಲಿ. ವೀಲ್‌ನ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮೈ ಎಷ್ಟು ದೂರ ಎಂಬ ಲೆಕ್ಕ ಅದು. ವೀಲ್‌ನ ಹಿಂಬದಿಯಲ್ಲಿ ಇಟಿ45, ಇಟಿ40 ಎಂದು ಅಚ್ಚಾಗಿರುತ್ತದೆ. ಈಗಿರುವುದು 5.5 ಇಂಚು ಅಗಲ, ಇಟಿ45; ನೋಡುತ್ತಿರುವುದು 6.5 ಇಂಚು, ಇಟಿ40 ಎಂದಿಟ್ಟುಕೊಳ್ಳಿ. ಅಗಲ ಒಂದು ಇಂಚು ಹೆಚ್ಚಿದ್ದರಿಂದ ಎರಡೂ ಬದಿಗೆ 12.7 ಮಿ.ಮೀ. ಸೇರುತ್ತದೆ. ಆಫ್‌ಸೆಟ್ 5 ಕಡಿಮೆಯಾದ್ದರಿಂದ ವೀಲ್ ಅಷ್ಟು ಹೊರಗೆ ಸರಿಯುತ್ತದೆ. ಕೊನೆಗೆ ಒಳಗೆ, ಅಂದರೆ ಶಾಕ್ ಅಬ್ಸಾರ್ಬರ್ ಕಡೆಗೆ, 7.7 ಮಿ.ಮೀ.; ಹೊರಗೆ, ಫೆಂಡರ್ ಕಡೆಗೆ, 17.7 ಮಿ.ಮೀ. ಹಳೆಯ ವೀಲ್ ಇರುವಾಗಲೇ ಈ ಎರಡೂ ಕಡೆ ಎಷ್ಟು ಜಾಗ ಇದೆ ಎಂದು ಅಳೆದುಕೊಂಡು ಹೋಗಿ, ಟೈರ್‌ನ ಉಬ್ಬನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಳಗಡೆ ಕನಿಷ್ಠ 5 ಮಿ.ಮೀ. ಉಳಿಯಲೇಬೇಕು. ಹೊರಗಡೆ ಹೆಚ್ಚು ಚಾಚಿದರೆ ತಿರುವಿನಲ್ಲಿ ಕಾರು ಕುಸಿದಾಗ ಫೆಂಡರ್ ಅಂಚು ಟೈರನ್ನು ಸೀಳುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ.

ದುಡ್ಡು ಕೊಡುವ ಮೊದಲು ಮುಂದಿನ ಒಂದು ಹಬ್‌ಗೆ ಬರಿಯ ವೀಲ್ ಹಾಕಿ ಕೈಯಲ್ಲಿ ತಿರುಗಿಸಿ. ಕ್ಯಾಲಿಪರ್‌ಗೂ (ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗ) ವೀಲ್‌ಗೂ ಎಲ್ಲೂ 3 ಮಿ.ಮೀ.ಗಿಂತ ಕಡಿಮೆ ಸಂದು ಇರಬಾರದು. ಬ್ಯಾಲೆನ್ಸಿಂಗ್‌ಗೆ ಒಳಗೆ ಅಂಟಿಸುವ ತೂಕಗಳಿಗೂ ಜಾಗ ಬೇಕು. ಆ ತೂಕಗಳು ಶಾಖಕ್ಕೆ ಉದುರುತ್ತವೆ, ಮೇಲೆ ಅಲ್ಯೂಮಿನಿಯಂ ಟೇಪ್ ಹಾಕಿಸಿ.

ಟೈರ್ ಅಳತೆಯನ್ನೂ ಇದರ ಜೊತೆಗೇ ನಿರ್ಧರಿಸಿ. ಕಾರಿಗೆ 185/65 ಆರ್15 (ಅಗಲ 185 ಮಿ.ಮೀ., ಪಕ್ಕದ ಎತ್ತರ ಅದರ ಶೇ. 65, ರಿಮ್ 15 ಇಂಚು) ಬಂದಿದ್ದರೆ ಅದರ ವ್ಯಾಸ 621 ಮಿ.ಮೀ.; 195/60 ಆರ್15 ಹಾಕಿದರೆ 615, ಅಂದರೆ ಬರೀ ಒಂದು ಶೇಕಡಾ ಕಡಿಮೆ. ಈ ಟೈರ್‌ಗೆ 6 ಇಂಚು ಅಗಲದ ರಿಮ್ ಹೇಳಿ ಮಾಡಿಸಿದ ಹಾಗೆ.

ಹಳೆಯ ವೀಲ್ ಪರೀಕ್ಷೆ

ಹಬ್‌ಗೆ ಹಾಕಿ ನೋಡುವ ಮೊದಲೇ ಈ ಪರೀಕ್ಷೆ ಮುಗಿಸಿ. ನಮ್ಮ ರಸ್ತೆಗುಂಡಿಗಳಲ್ಲಿ ಓಡಿದ ವೀಲ್‌ಗೆ ಏಟು ಬೀಳುವುದು ಹೆಚ್ಚಾಗಿ ಒಳಬದಿಯ ಅಂಚಿಗೆ. ಮುಂದಿನಿಂದ ನೋಡಿದರೆ ಕಾಣುವುದೇ ಇಲ್ಲ. ಟೈರ್ ಇಲ್ಲದ ವೀಲನ್ನು ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿ ನಿಧಾನ ತಿರುಗಿಸಿ, ಒಂದು ಕಡ್ಡಿಯನ್ನು ಅಂಚಿನ ಹತ್ತಿರ ಅಲುಗದಂತೆ ಹಿಡಿಯಿರಿ. ಕಡ್ಡಿಗೂ ಅಂಚಿಗೂ ನಡುವಿನ ಸಂದು ಒಂದು ಮಿ.ಮೀ.ಗಿಂತ ಹೆಚ್ಚು ಏರುಪೇರಾದರೆ ಆ ವೀಲ್ ಬೇಡ.

ಬಿರುಕು ಹುಡುಕಲು ವೆಲ್ಡಿಂಗ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಡೈ ಪೆನೆಟ್ರಂಟ್ ಕಿಟ್ ತನ್ನಿ. ಕ್ಲೀನರ್‌ನಿಂದ ಜಿಡ್ಡು ತೆಗೆದು ಕೆಂಪು ಬಣ್ಣ ಸಿಂಪಡಿಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಿ, ಆಮೇಲೆ ಬಿಳಿ ಡೆವಲಪರ್ ಹೊಡೆಯಿರಿ. ಮೇಲ್ಮೈವರೆಗೆ ತೆರೆದ ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಸ್ಪೋಕ್ ಬುಡ, ನಟ್ ತೂತಿನ ಸುತ್ತ, ಒಳ ಅಂಚು ಈ ಮೂರು ಜಾಗ ಮುಖ್ಯ. ಒಳಗಡೆ ಮಾತ್ರ ಹೊಸದಾಗಿ ದಪ್ಪ ಬಣ್ಣ ಬಳಿದಿದ್ದರೆ ಅನುಮಾನಿಸಿ. ವೆಲ್ಡ್ ಮಾಡಿದ್ದು, ಕಾಯಿಸಿ ಬಡಿದು ನೇರ ಮಾಡಿದ್ದು ಎಷ್ಟು ಅಗ್ಗಕ್ಕೆ ಕೊಟ್ಟರೂ ಟ್ರ್ಯಾಕ್‌ಗೆ ಬೇಡ. ಶಾಖದಿಂದ ಅಲ್ಲಿನ ಲೋಹದ ಗಟ್ಟಿತನವೇ ಹೋಗಿರುತ್ತದೆ.

ಹೊರಗಿನ ಕಂಪನಿಯದನ್ನೇ ಕೊಳ್ಳುವುದಾದರೆ ಹಿಂಬದಿಯಲ್ಲಿ ಜೆಡಬ್ಲ್ಯೂಎಲ್, ವಿಐಎ (ಎರಡೂ ಜಪಾನಿನ ಗುಣಮಟ್ಟದ ಗುರುತು) ಅಥವಾ ನಮ್ಮ ಐಎಸ್‌ಐ ಗುರುತು ಮತ್ತು ಎಷ್ಟು ಕೆ.ಜಿ. ಹೊರುತ್ತದೆ ಎಂಬ ಅಂಕಿ ಎರಕದಲ್ಲೇ ಇರಬೇಕು. ಆ ಅಂಕಿ ಕಾರಿನ ಮುಂದಿನ ಆಕ್ಸಲ್‌ನ ಗರಿಷ್ಠ ಭಾರದ ಅರ್ಧಕ್ಕಿಂತ ಚೆನ್ನಾಗಿ ಮೇಲಿರಲಿ. ಹೆಸರಾಂತ ವಿನ್ಯಾಸದ ನಕಲು, ಅಂಕಿಯೇ ಇಲ್ಲದ ವೀಲ್ ಮುಟ್ಟಬೇಡಿ.

ನಟ್, ವಾಲ್ವ್, ಬಿಗಿ

ಹೋಂಡಾ ಕಾರಿನ ಸ್ವಂತ ನಟ್‌ಗಳ ತಳ ಗುಂಡಗೆ, ಹೊರಗಿನ ಅಲಾಯ್‌ಗಳಿಗೆ ಸಾಮಾನ್ಯವಾಗಿ ಬೇಕಿರುವುದು 60 ಡಿಗ್ರಿ ಕೋನ್. ಗುಂಡು ತಳ ಕೋನ್‌ನಲ್ಲಿ ಕೂತರೆ ತಾಗುವುದು ಒಂದು ಗೆರೆಯಷ್ಟೇ. ಬಿಗಿಯಾದಂತೆ ಕಂಡರೂ ನಿಲ್ಲುವುದಿಲ್ಲ. ನಟ್ ಎಷ್ಟು ಸುತ್ತು ಹಿಡಿಯುತ್ತದೆ ಎಂದು ಕೈಯಿಂದಲೇ ಎಣಿಸಿ: 12x1.5 (12 ಮಿ.ಮೀ. ದಪ್ಪ, ಎಳೆಯಿಂದ ಎಳೆಗೆ 1.5 ಮಿ.ಮೀ.) ಸ್ಟಡ್‌ಗೆ, ಅಂದರೆ ಹಬ್‌ನಿಂದ ಚಾಚಿದ ಎಳೆಯಿರುವ ಕಂಬಿಗೆ, ಕನಿಷ್ಠ 8 ಸುತ್ತು, ಸ್ವಿಫ್ಟ್‌ನ 12x1.25ಗೆ 10, ಪೋಲೊದ 14x1.5 ಬೋಲ್ಟ್‌ಗೂ ಸುಮಾರು 10.

ರಬ್ಬರ್ ವಾಲ್ವ್ ವೇಗದಲ್ಲಿ ಹೊರಕ್ಕೆ ಬಾಗಿ ಗಾಳಿ ಬಿಡಬಹುದು, ಗಿಡ್ಡನೆಯ ಲೋಹದ ವಾಲ್ವ್ ಹಾಕಿಸಿ.

ಕೊನೆಯ ಬಿಗಿ ಏರ್ ಗನ್‌ನಿಂದ ಬೇಡ, ಟಾರ್ಕ್ ರೆಂಚ್‌ನಿಂದಲೇ ಆಗಲಿ. ಜಾಝ್‌ಗೆ 108, ಪೋಲೊಗೆ 120 ನ್ಯೂಟನ್ ಮೀಟರ್. ಬೇರೆ ಕಾರುಗಳಿಗೆ ಮ್ಯಾನುಯಲ್ ನೋಡಿ. ಸ್ಟಡ್‌ಗೆ ಗ್ರೀಸ್ ಹಚ್ಚಬೇಡಿ, ಹಚ್ಚಿದರೆ ರೆಂಚ್ ಕ್ಲಿಕ್ ಎನ್ನುವಷ್ಟರಲ್ಲಿ ಬಿಗಿ ಅತಿಯಾಗಿರುತ್ತದೆ. ಮೊದಲ ಸೆಷನ್ ಮುಗಿಸಿ ಬಂದ ಮೇಲೆ ವೀಲ್ ಆರಲು ಬಿಟ್ಟು ಎಲ್ಲ ನಟ್‌ಗಳನ್ನೂ ಮತ್ತೆ ಅದೇ ಅಂಕಿಗೆ ಪರೀಕ್ಷಿಸಿ. ಒಂದೇ ನಟ್ ಮತ್ತೆ ಮತ್ತೆ ಸಡಿಲವಾಗುತ್ತಿದ್ದರೆ ಬಿಗಿ ಮಾಡಿ ಮುಂದೆ ಹೋಗಬೇಡಿ. ಆ ವೀಲ್ ಬಿಚ್ಚಿ, ಸ್ಟಡ್‌ನ ಎಳೆಯನ್ನೂ ನಟ್ ಕೂರುವ ಜಾಗವನ್ನೂ ನೋಡಿ.