ಸವೆದ ಮಂಡಿಗೆ ಶಸ್ತ್ರಚಿಕಿತ್ಸೆ: ತೀರ್ಮಾನದಿಂದ ಚೇತರಿಕೆಯವರೆಗೆ

ಮಂಡಿನೋವನ್ನು ಸಹಿಸಿಕೊಳ್ಳುವಷ್ಟು ನಮ್ಮ ಜನ ಬೇರೆ ಯಾವ ನೋವನ್ನೂ ಸಹಿಸಿಕೊಳ್ಳುವುದಿಲ್ಲ. ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಔಷಧದ ಅಂಗಡಿಯಿಂದ ತಂದ ಮಾತ್ರೆ ನುಂಗಿ ವರ್ಷಗಟ್ಟಲೆ ತಳ್ಳುತ್ತಾರೆ. ಅದರಲ್ಲೂ ಹೆಂಗಸರು, ಕಾಲು ಹೊರಕ್ಕೆ ಬಾಗಿ ದೇವಸ್ಥಾನದ ಮೆಟ್ಟಿಲು ಹತ್ತಲಾಗದಂತೆ ಆದ ಮೇಲೆಯೇ ಬಾಯಿ ಬಿಡುತ್ತಾರೆ. ಅಷ್ಟರಲ್ಲಿ ತೊಡೆಯ ಸ್ನಾಯು ಕರಗಿರುತ್ತದೆ. ನೋವಿನ ಮಾತ್ರೆಗಳಿಂದ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರುವುದೂ ಉಂಟು. ಇನ್ನೊಂದು ಕಡೆ, ಮೊದಲ ಎಕ್ಸ್‌ರೇ ನೋಡಿದ ದಿನವೇ ಹೆದರಿ ಆಪರೇಷನ್‌ಗೆ ಹೆಸರು ಬರೆಸುವವರೂ ಇದ್ದಾರೆ. ಈ ಎರಡರ ನಡುವೆ ಒಂದು ಕ್ರಮವಾದ ದಾರಿ ಇದೆ.

ಮೊದಲು: ಕೆಟ್ಟಿರುವುದು ಏನು?

ವಯಸ್ಸಿನೊಂದಿಗೆ ಬರುವ ಸವೆತ, ರುಮಟಾಯ್ಡ್ ಸಂಧಿವಾತ, ಹಳೆಯ ಅಪಘಾತದ ಮುರಿತ, ಹರಿದ ಅಸ್ಥಿರಜ್ಜು (ಮೂಳೆಗಳನ್ನು ಬಿಗಿದಿಡುವ ಲಿಗಮೆಂಟ್): ಇವೆಲ್ಲವೂ ಮಂಡಿಯನ್ನು ಹಾಳು ಮಾಡುತ್ತವೆ, ಆದರೆ ಚಿಕಿತ್ಸೆ ಬೇರೆ ಬೇರೆ. ಸವೆತದ ಅನುಮಾನವಿದ್ದರೆ ನಿಂತುಕೊಂಡು ಎರಡೂ ಮಂಡಿಗಳ ಎಕ್ಸ್‌ರೇ ತೆಗೆಸಬೇಕು. ಮಲಗಿಸಿ ತೆಗೆದ ಚಿತ್ರದಲ್ಲಿ ಮೂಳೆಗಳ ನಡುವೆ ಜಾಗ ಇರುವಂತೆ ಕಾಣುತ್ತದೆ. ದೇಹದ ಭಾರ ಬಿದ್ದಾಗಲೇ ನಿಜಸ್ಥಿತಿ ಗೊತ್ತಾಗುವುದು. ಹೀಗೆ ತೆಗೆದ ಎಕ್ಸ್‌ರೇಯಲ್ಲಿ ಸವೆತ ಸ್ಪಷ್ಟವಾಗಿದ್ದರೆ ಎಂಆರ್‌ಐಗೆ ಹಣ ಸುರಿಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಆಟದಲ್ಲೋ ಬೈಕ್ ಅಪಘಾತದಲ್ಲೋ ಮಂಡಿ ತಿರುಚಿಕೊಂಡ ಯುವಕರಿಗೆ ಅದು ಬೇಕು.

ವೈದ್ಯರು ಸವೆತವನ್ನು ಸೊನ್ನೆಯಿಂದ ನಾಲ್ಕರವರೆಗೆ ಅಳೆಯುತ್ತಾರೆ. ನಾಲ್ಕನೇ ಹಂತ ಎಂದಾಕ್ಷಣ ಕೈಕಾಲು ಬಿಡಬೇಡಿ. ನಾಲ್ಕನೇ ಹಂತದಲ್ಲೂ ಆರಾಮವಾಗಿ ಓಡಾಡುವವರಿದ್ದಾರೆ, ಎರಡನೇ ಹಂತದಲ್ಲಿ ರಾತ್ರಿಯಿಡೀ ನರಳುವವರೂ ಇದ್ದಾರೆ. ಆಪರೇಷನ್ ಆಗಬೇಕಾದದ್ದು ಚಿತ್ರಕ್ಕಲ್ಲ, ಮನುಷ್ಯರಿಗೆ. ನೋವು ನಿದ್ದೆಗೆಡಿಸುತ್ತಿದೆಯೇ? ಮನೆಯೊಳಗಿನ ಓಡಾಟಕ್ಕೂ ತಡೆಯಾಗಿದೆಯೇ? ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು, ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಊರುಗೋಲು, ಇವನ್ನು ಕನಿಷ್ಠ ಮೂರು ತಿಂಗಳು ಶ್ರದ್ಧೆಯಿಂದ ಮಾಡಿಯೂ ಫಲ ಸಿಗಲಿಲ್ಲವೇ? ಮೂರಕ್ಕೂ ಉತ್ತರ ಹೌದು ಎಂದಾದರೆ ಶಸ್ತ್ರಚಿಕಿತ್ಸೆಯ ಮಾತಿಗೆ ಹೊತ್ತು ಬಂದಿದೆ.

ಸವೆದ ಮಂಡಿಯೊಳಗೆ ಕ್ಯಾಮೆರಾ ಇರುವ ಸಣ್ಣ ನಳಿಕೆ (ಆರ್ತ್ರೋಸ್ಕೋಪ್) ತೂರಿಸಿ 'ತೊಳೆದು ಸ್ವಚ್ಛ ಮಾಡುತ್ತೇವೆ' ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವರಿಗೆ ಚರ್ಮ ಸೀಳಿ ಹೊಲಿಗೆ ಹಾಕಿದ್ದು ಬಿಟ್ಟರೆ ಏನನ್ನೂ ಮಾಡಿರಲಿಲ್ಲ. ಎರಡು ವರ್ಷಗಳ ನಂತರ ನೋಡಿದರೆ, ಮಂಡಿ ತೊಳೆಸಿಕೊಂಡವರ ನೋವು ಬರೀ ಹೊಲಿಗೆ ಹಾಕಿಸಿಕೊಂಡವರ ನೋವಿಗಿಂತ ಕಡಿಮೆಯಾಗಿರಲಿಲ್ಲ.

ಯಾವ ಶಸ್ತ್ರಚಿಕಿತ್ಸೆ?

ಇನ್ನೂ ದುಡಿಯುವ ವಯಸ್ಸಿನವರಿಗೆ, ಮಂಡಿಯ ಒಳಬದಿ ಮಾತ್ರ ಸವೆದಿದ್ದರೆ, ಮೊಣಕಾಲಿನ ಕೆಳಗಿನ ಮೂಳೆಯನ್ನು ಕತ್ತರಿಸಿ ನೇರ ಮಾಡಿ ಭಾರವನ್ನು ಚೆನ್ನಾಗಿರುವ ಬದಿಗೆ ಹೊರಿಸಬಹುದು. ಸ್ವಂತ ಕೀಲು ಉಳಿಯುತ್ತದೆ. ಹೊಲದಲ್ಲಿ ಕುಕ್ಕರಗಾಲಲ್ಲಿ ಕೂರಬೇಕಾದವರು ಇದರ ಬಗ್ಗೆ ಕೇಳಲೇಬೇಕು. ಒಂದೇ ಬದಿ ಕೆಟ್ಟವರಿಗೆ ಭಾಗಶಃ ಬದಲಿ (ಆ ಬದಿಗೆ ಮಾತ್ರ ಕೃತಕ ಕೀಲು) ಇನ್ನೊಂದು ದಾರಿ. ಇಡೀ ಕೀಲು ಹಾಳಾಗಿದ್ದರೆ ಪೂರ್ಣ ಬದಲಿ.

'ಪೂರ್ಣ ಬದಲಿ' ಎಂದರೆ ಮಂಡಿಯನ್ನೇ ಕಿತ್ತು ಹೊಸದನ್ನು ಕೂರಿಸುತ್ತಾರೆ ಎಂದು ಹೆದರುವವರು ಬಹಳ. ಹಾಗಲ್ಲ. ಸವೆದ ಹಲ್ಲನ್ನು ಉಜ್ಜಿ ಕ್ಯಾಪ್ ಹಾಕುವಂತೆ, ಮೂಳೆಯ ತುದಿಯಿಂದ ಸುಮಾರು ಒಂದು ಸೆಂಟಿಮೀಟರ್‌ನಷ್ಟು ತೆಗೆದು ಲೋಹದ ಹೊದಿಕೆ ಕೂರಿಸುತ್ತಾರೆ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. 2019ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ ಇಂಥ ಮಂಡಿಗಳಲ್ಲಿ ಶೇ 82ರಷ್ಟು 25 ವರ್ಷ ಬಾಳುತ್ತವೆ. ಆದರೆ ಹತ್ತರಲ್ಲಿ ಒಬ್ಬಿಬ್ಬರಿಗೆ ಪೂರ್ಣ ತೃಪ್ತಿ ಸಿಗುವುದಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಭಾರತೀಯ ಶೌಚಾಲಯ, ಮಂಡಿಯೂರಿ ನಮಸ್ಕಾರ ಇವನ್ನು ಸಾಮಾನ್ಯವಾಗಿ ಬಿಡಬೇಕಾಗುತ್ತದೆ. ನಮ್ಮ ಬದುಕು ನೆಲಕ್ಕೆ ಇಷ್ಟು ಹತ್ತಿರ ಇರುವಾಗ ಈ ಮಾತನ್ನು ಮೊದಲೇ ಹೇಳದೆ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವುದು ಅನ್ಯಾಯ.

ಆಸ್ಪತ್ರೆ ಮತ್ತು ಹಣ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ, ಯೋಜನೆ ನಿಗದಿಪಡಿಸಿದ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಕೊಡುತ್ತದೆ. ಮಂಡಿ ಬದಲಿ ತುರ್ತು ಚಿಕಿತ್ಸೆಯಲ್ಲ. ಹಾಗಾಗಿ ಆಧಾರ್, ಪಡಿತರ ಚೀಟಿ ಹಿಡಿದು ಮೊದಲು ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆಗೆ ಹೋಗಿ. ಅಲ್ಲಿ ಸೌಲಭ್ಯ ಇಲ್ಲದಿದ್ದರೆ ಶಿಫಾರಸು ಪತ್ರ ಕೊಡುತ್ತಾರೆ. ಅದಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗಿ ಆಮೇಲೆ ಯೋಜನೆಯ ಹಣ ಕೇಳಿದರೆ ಸಿಗುವುದು ಕಷ್ಟ. ನೋಂದಾಯಿತ ಆಸ್ಪತ್ರೆಗಳಲ್ಲಿ ಇರುವ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯಕ ಸಿಬ್ಬಂದಿ) ಕೇಳಿದರೆ ದಾರಿ ಹೇಳುತ್ತಾರೆ. ಬೆಂಗಳೂರಿನ ಸಂಜಯ ಗಾಂಧಿ ಅಪಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆ, ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಹಿಂದಿನ ಕಿಮ್ಸ್), ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ಸಂಸ್ಥೆಗಳಲ್ಲಿ ಮೂಳೆರೋಗ ವಿಭಾಗಗಳಿವೆ.

ಖಾಸಗಿ ವಿಮೆ ಇದ್ದರೆ ಕೀಲು ಬದಲಿಗೆ ಕಾಯುವ ಅವಧಿ (ವಿಮೆ ಮಾಡಿಸಿದ ಮೇಲೆ ಹಣ ಸಿಗಲು ಕಾಯಬೇಕಾದ ಕಾಲ) ಎಷ್ಟೆಂದು ನೋಡಿ. ಎರಡು ವರ್ಷ ಇರುವುದು ಸಾಮಾನ್ಯ.

ಕೃತಕ ಕೀಲಿನ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು ತೆರಿಗೆ ಬಿಟ್ಟು 54,720 ರೂಪಾಯಿ. ಬಿಲ್ಲಿನಲ್ಲಿ ಕೀಲಿನ ಬ್ರ್ಯಾಂಡ್, ತಯಾರಕರು, ಬೆಲೆ ಪ್ರತ್ಯೇಕವಾಗಿ ಇರಬೇಕು. ಕೀಲಿನ ಪೆಟ್ಟಿಗೆಯ ಸ್ಟಿಕ್ಕರನ್ನು ಬಿಡುಗಡೆ ಪತ್ರಕ್ಕೆ ಅಂಟಿಸಿ ಕೊಡಲು ಹೇಳಿ, ಜೋಪಾನ ಮಾಡಿ. ಮುಂದೆ ಮರು ಆಪರೇಷನ್ ಬೇಕಾದರೆ ವೈದ್ಯರು ಮೊದಲು ಕೇಳುವುದು ಅದನ್ನೇ. ಆಪರೇಷನ್ ಮಾಡಲು ರೋಬಾಟ್ ಇದೆಯೇ ಎಂದು ಕೇಳುವುದಕ್ಕಿಂತ, ಆ ವೈದ್ಯರು ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತಾರೆ, ಎಷ್ಟರಲ್ಲಿ ಸೋಂಕಾಗಿದೆ ಎಂದು ಕೇಳಿ.

ದಿನ ಗೊತ್ತಾದ ಮೇಲೆ

ಇಲ್ಲಿ ಆತುರ ಬೇಡ. ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ ಸೋಂಕಿನ ಅಪಾಯ ಹೆಚ್ಚು. ಮೂರು ತಿಂಗಳ ಸರಾಸರಿ ಸಕ್ಕರೆ ಇಳಿಯುವವರೆಗೆ ದಿನ ಮುಂದೂಡುವುದೇ ಸರಿ. ರಕ್ತಹೀನತೆ ಸರಿಪಡಿಸಿಕೊಳ್ಳಿ. ಹುಳುಕು ಹಲ್ಲು, ಮೂತ್ರದ ಸೋಂಕು, ಕಾಲಿನ ಹುಣ್ಣು ಇದ್ದರೆ ಮೊದಲು ಅವಕ್ಕೆ ಚಿಕಿತ್ಸೆ. ಬೀಡಿ, ಸಿಗರೇಟು, ಗುಟ್ಕಾ ಕನಿಷ್ಠ ಒಂದು ತಿಂಗಳ ಮೊದಲೇ ಬಿಡಬೇಕು. ಮಂಡಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡಿದ್ದರೆ ಮೂರು ತಿಂಗಳು ಕಾಯಬೇಕು. ನಾಟಿ ಔಷಧವೂ ಸೇರಿದಂತೆ ನುಂಗುತ್ತಿರುವುದೆಲ್ಲವನ್ನೂ ವೈದ್ಯರ ಮುಂದೆ ಇಡಿ.

ಮನೆಯನ್ನೂ ಸಿದ್ಧಪಡಿಸಿ: ಎತ್ತರದ ಮಂಚ, ಕಮೋಡ್ ಅಥವಾ ಕಮೋಡ್ ಕುರ್ಚಿ, ಬಚ್ಚಲಿನಲ್ಲಿ ಹಿಡಿಕೆ. ಮೊದಲ ಎರಡು ವಾರ ಜೊತೆಗಿರುವವರು ಯಾರೆಂದು ತೀರ್ಮಾನವಾಗಲಿ. ಮನೆ ನಡೆಸುವ ಹೆಂಗಸಿಗೇ ಆಪರೇಷನ್ ಆಗುವುದಾದರೆ, ಒಂದೂವರೆ ತಿಂಗಳ ಅಡುಗೆ ಯಾರದ್ದು ಎಂಬುದೂ ಚಿಕಿತ್ಸೆಯ ಭಾಗವೇ.

ಆಪರೇಷನ್ ಆದ ಮೇಲೆ

ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಯದು. ಹೆಚ್ಚಾಗಿ ಬೆನ್ನಿಗೆ ಅರಿವಳಿಕೆ ಕೊಟ್ಟು ಮಾಡುತ್ತಾರೆ. ಅದೇ ದಿನ ಅಥವಾ ಮರುದಿನ ವಾಕರ್ ಹಿಡಿದು ನಿಲ್ಲಿಸುತ್ತಾರೆ. ಅಲ್ಲಿಂದ ಮುಂದಿನ ಆರು ವಾರವೇ ನಿಜವಾದ ಪರೀಕ್ಷೆ. ಕಾಲನ್ನು ಪೂರ್ತಿ ನೆಟ್ಟಗೆ ಮಾಡುವುದು, ದಿನದಿನಕ್ಕೆ ಹೆಚ್ಚು ಮಡಿಸುವುದು ಇವೆರಡನ್ನೂ ನೋವು ಎಂದು ಬಿಟ್ಟರೆ ಮಂಡಿ ಬಿಗಿದುಕೊಳ್ಳುತ್ತದೆ. ಹಿತವೆನಿಸಿದರೂ ಮಂಡಿಯ ಕೆಳಗೆ ದಿಂಬು ಇಟ್ಟು ಮಲಗಬಾರದು, ಕಾಲು ಬಾಗಿಯೇ ಉಳಿದೀತು. ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಊತ, ಬಿಸಿ ಕೆಲವು ತಿಂಗಳು ಇರುವುದು ಸಹಜ.

ಮೀನಖಂಡ ಊದಿಕೊಂಡು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ. ಎದೆನೋವು, ಏದುಸಿರು ಬಂದರೆ ಆಂಬುಲೆನ್ಸ್ ಕರೆಸಿ. ಗಾಯದಿಂದ ನೀರು ಸೋರಿದರೆ, ಜ್ವರದ ಜೊತೆ ಮಂಡಿ ಕೆಂಪಾದರೆ, ಆಪರೇಷನ್ ಮಾಡಿದ ವೈದ್ಯರಿಗೇ ತೋರಿಸಿ. ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಬೇಡಿ: ಅದು ಸೋಂಕನ್ನು ವಾಸಿ ಮಾಡುವುದಿಲ್ಲ, ಯಾವ ರೋಗಾಣು ಎಂದು ಪ್ರಯೋಗಾಲಯದಲ್ಲಿ ಪತ್ತೆಯಾಗದಂತೆ ಮಾತ್ರ ಮಾಡುತ್ತದೆ.