ತೂಬಿನ ಗಂಬ ನೋಡಿ ಹಕ್ಕಿ ಹುಡುಕುವುದು

ಕೋಲಾರ ತಾಲ್ಲೂಕಿನ ನಮ್ಮೂರ ಕೆರೆಯಲ್ಲಿ ಹಕ್ಕಿ ನೋಡುವಾಗ ನಾನು ದುರ್ಬೀನು ಎತ್ತುವ ಮೊದಲು ನೀರು ಹೊರಬಿಡುವ ತೂಬಿನ ಕಲ್ಲುಗಂಬಗಳತ್ತ ನೋಡುತ್ತೇನೆ. ಅವು ನೀರಿನಿಂದ ಎಷ್ಟು ಗೇಣು ಮೇಲೆದ್ದಿವೆ ಎಂದು ಅಂದಾಜಿಸಿ, ದಿನಾಂಕದ ಪಕ್ಕದಲ್ಲಿ ಬರೆದುಕೊಂಡ ಮೇಲೆಯೇ ಪಟ್ಟಿ ಆರಂಭಿಸುವುದು. ಸಣ್ಣ ಕೆರೆಯಲ್ಲಿ ಯಾವ ಹಕ್ಕಿ ಎಲ್ಲಿ ಸಿಗುತ್ತದೆ ಎಂಬುದನ್ನು ಋತುವಿನಷ್ಟೇ ನೀರಿನ ಆಳವೂ ತೀರ್ಮಾನಿಸುತ್ತದೆ.

ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಆಳವೆಲ್ಲ ಏರಿಯ ಬುಡದಲ್ಲಿರುತ್ತದೆ. ಅಲ್ಲಿಂದ ಹಳ್ಳ ಬಂದು ಸೇರುವ ಕಡೆಗೆ ಹೋದಂತೆ ನೀರು ತೆಳುವಾಗಿ, ಕೊನೆಗೆ ಕೆಸರಾಗುತ್ತದೆ. ಮುಳುಗಿ ಮೇವು ಹಿಡಿಯುವ ಗುಳುಮುಳುಕ, ನೀರುಕಾಗೆ, ನಾಮದ ಕೋಳಿಗಳು ಏರಿಯ ಕಡೆಯೇ ಹೆಚ್ಚು. ತಲೆಯನ್ನಷ್ಟೇ ನೀರಿಗಿಳಿಸಿ, ಬಾಲ ಮೇಲೆತ್ತಿ ಮೇಯುವ ವರಟೆ, ಸೂಜಿಬಾಲದ ಬಾತುಗಳಿಗೆ ಕೊಕ್ಕಿಗೆ ತಳ ಎಟಕುವಷ್ಟೇ ನೀರು ಬೇಕು. ಮೆಟ್ಟುಗಾಲು ಹಕ್ಕಿಗೆ ಅದರ ಕಾಲಿನ ಉದ್ದವೇ ಮಿತಿ, ಕೆಸರಲ್ಲಿ ಕೊಕ್ಕಾಡಿಸಿ ಮೇಯುವ ಗೊರವಗಳಿಗಂತೂ (ಸ್ಯಾಂಡ್‌ಪೈಪರ್‌ಗಳು) ಕೆಸರಿನ ಅಂಚೇ ಬೇಕು. ಹೀಗಾಗಿ ಗಂಬ ನೋಡಿದ ಕೂಡಲೇ ಅಂದು ಕೆಸರಿನ ಪಟ್ಟಿ ಎಲ್ಲಿ ಬಿಟ್ಟಿದೆ, ಯಾವ ದಿಕ್ಕಿಗೆ ನಡೆಯಬೇಕು ಎಂಬುದು ಹೆಚ್ಚುಕಡಿಮೆ ತಿಳಿದುಬಿಡುತ್ತದೆ.

ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಜಿಲ್ಲೆಗೆ ಬಂದ ನಂತರ ಈ ಲೆಕ್ಕ ಬದಲಾಗಿದೆ. ಮೊದಲು ಬೇಸಿಗೆಯಲ್ಲಿ ಬಿರುಕು ಬಿಡುತ್ತಿದ್ದ ಕೆರೆಯಂಗಳದಲ್ಲಿ ಈಗ ವರ್ಷವಿಡೀ ನೀರು ನಿಲ್ಲುತ್ತದೆ. ಆ ನೀರಿನ ಗುಣಮಟ್ಟದ ವಾದವನ್ನು ಬಲ್ಲವರಿಗೆ ಬಿಡುತ್ತೇನೆ. ಹಕ್ಕಿಗಳ ಮಟ್ಟಿಗೆ ಹೇಳುವುದಾದರೆ, ಜೊಂಡು ಹಬ್ಬಿ ನೇರಳೆ ಜಂಬುಕೋಳಿಗಳು ಹೆಚ್ಚಿವೆ. ಕೆಸರಿನ ಅಂಚು ಕುಗ್ಗಿ ಗೊರವಗಳು ಕಡಿಮೆಯಾಗಿವೆ. ತುಂಬಿದ ಕೆರೆಯೆಂದರೆ ಹಕ್ಕಿಗಳಿಗೂ ಸುಭಿಕ್ಷ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ.

ಸಲಕರಣೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ ದುರ್ಬೀನು ಸಾಕು. ಬೆಳಿಗ್ಗೆ ಸೂರ್ಯ ಬೆನ್ನಿಗಿರುವ ದಡವನ್ನು ಹಿಡಿಯಬೇಕು, ಇಲ್ಲವಾದರೆ ಎದುರು ಬಿಸಿಲಿಗೆ ಎಲ್ಲ ಬಾತುಗಳೂ ಕರಿಯ ಗುರುತುಗಳಾಗಿಯೇ ಉಳಿಯುತ್ತವೆ. ಅದಕ್ಕಿಂತ ಮುಖ್ಯವಾದದ್ದು ಟಿಟ್ಟಿಭದ ಕಣ್ಣಿಗೆ ಬೀಳದಿರುವುದು. ಅದೊಂದು ಕೂಗಿ ಎದ್ದರೆ ಅಂಚಿನಲ್ಲಿರುವ ಗೊರವಗಳೆಲ್ಲ ಆಚೆ ದಡ ಸೇರುತ್ತವೆ. ದನ ಮೇಯಿಸುವವರಿಗೆ ಹಕ್ಕಿಗಳು ಅಷ್ಟಾಗಿ ಹೆದರುವುದಿಲ್ಲವಾದ್ದರಿಂದ, ನಾನು ಮಂದೆಯ ಹಿಂದೆಯೇ, ಅದರ ನಡಿಗೆಯಲ್ಲಿ ಸಾಗುತ್ತೇನೆ.

ಗೊರವಗಳನ್ನು ಗುರುತಿಸುವಲ್ಲಿ ಬಣ್ಣಕ್ಕಿಂತ ನಡವಳಿಕೆ ನೆರವಾಗುತ್ತದೆ. ನಿಂತಲ್ಲಿಯೇ ಎಡೆಬಿಡದೆ ಹಿಂಭಾಗ ಕುಣಿಸುತ್ತ, ಎದೆಯ ಪಕ್ಕದಲ್ಲಿ ರೆಕ್ಕೆಯ ಮುಂದೆ ಬಿಳಿಯ ಬೆಣೆಯಂತಹ ಗುರುತು ತೋರುವುದು ಕಾಮನ್ ಸ್ಯಾಂಡ್‌ಪೈಪರ್. ಅದು ಹಾರುವಾಗ ರೆಕ್ಕೆಯಲ್ಲಿ ಬಿಳಿ ಪಟ್ಟೆ ಕಾಣುತ್ತದೆ. ಬೆನ್ನಿನ ಮೇಲೆ ಬಿಳಿ ಚುಕ್ಕೆಗಳಿದ್ದು, ಹಾರುವಾಗ ರೆಕ್ಕೆಯಲ್ಲಿ ಪಟ್ಟೆಯಿಲ್ಲದೆ ಬಾಲದ ಬುಡ ಮಾತ್ರ ಬೆಳ್ಳಗೆ ಹೊಳೆದರೆ ಅದು ವುಡ್ ಸ್ಯಾಂಡ್‌ಪೈಪರ್. ಆದ್ದರಿಂದ ಹಾರಿಹೋಯಿತೆಂದು ದುರ್ಬೀನು ಇಳಿಸುವುದು ತರವಲ್ಲ.

ದೊಡ್ಡ ಗುಂಪುಗಳಲ್ಲಿ ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಅಷ್ಟು ಜಾಗದ ಅಳತೆಯನ್ನೇ ಇಡೀ ಗುಂಪಿನ ಮೇಲೆ ಸರಿಸುತ್ತ ಹೋಗುತ್ತೇನೆ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಗೂ ಇದೇ ಕ್ರಮ. ಹಕ್ಕಿ ನೋಡುವವರು ತಮ್ಮ ದಾಖಲೆ ಹಾಕುವ ಇ-ಬರ್ಡ್ ಜಾಲತಾಣದಲ್ಲಿ ಪಟ್ಟಿ ಸೇರಿಸುವಾಗ ಟಿಪ್ಪಣಿಯ ಜಾಗದಲ್ಲಿ ಗಂಬದ ಗೇಣನ್ನೂ ಬರೆಯುತ್ತೇನೆ, ಏಕೆಂದರೆ ನೀರಿನ ಮಟ್ಟ ತಿಳಿಯದೆ ಎರಡು ವರ್ಷಗಳ ಸಂಖ್ಯೆಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಮಾರ್ಚ್ ಕಳೆದು ವಲಸೆ ಹಕ್ಕಿಗಳು ಹೊರಟ ಮೇಲೆ ಅಂಚಿಗೆ ಇಳಿಯುವುದನ್ನು ನಿಲ್ಲಿಸುತ್ತೇನೆ. ಟಿಟ್ಟಿಭಗಳು ಬರಿ ನೆಲದ ಮೇಲೆಯೇ ಮೊಟ್ಟೆಯಿಡುವ ತಿಂಗಳುಗಳವು, ಮೊಟ್ಟೆಗಳು ಕಲ್ಲುಹರಳುಗಳ ನಡುವೆ ಕಾಣುವುದೇ ಇಲ್ಲವಾದ್ದರಿಂದ ಆಗಿನ ಎಣಿಕೆಯೆಲ್ಲ ಏರಿಯ ಮೇಲಿನಿಂದಲೇ.