ಕಪ್ಪು ಜೆಟ್ ಬೂದು ಆಗಿದ್ದು ಹೇಗೆ? ರೋಬೋ ಕಾರ್ಟೂನಿನ ತಪ್ಪುಗಳ ಬೆನ್ನು ಹತ್ತಿದ ನನ್ನ ಅನುಭವ

1984ರಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾದ ‘ದಿ ಟ್ರಾನ್ಸ್‌ಫಾರ್ಮರ್ಸ್’ ಎಂಬುದು ಆಟಿಕೆಗಳ ಮೇಲೆ ಕಟ್ಟಿದ, ವಾಹನಗಳಾಗಿ ರೂಪ ಬದಲಿಸುವ ರೋಬೋಗಳ ಕಾರ್ಟೂನ್. ಅದರಲ್ಲಿ ತಪ್ಪು ಹುಡುಕುವುದು ದೊಡ್ಡ ವಿಷಯವೇ ಅಲ್ಲ. ಯಾವ ಕಂತು ಹಾಕಿದರೂ ಒಂದಾದರೂ ಸಿಗುತ್ತದೆ. ಆ ತಪ್ಪು ಯಾರ ಮೇಜಿನ ಮೇಲೆ ಹುಟ್ಟಿತು ಅಂತ ಪತ್ತೆ ಮಾಡುವುದೇ ಕಷ್ಟ. ಮಜಾ ಇರುವುದೂ ಅಲ್ಲೇ.

ನನ್ನ ಹತ್ತಿರ ಇರುವುದು ಡಿವಿಡಿಗಳು, ವಿಎಲ್‌ಸಿ ಪ್ಲೇಯರ್, ಒಂದು ನೋಟ್‌ಬುಕ್, ಅಷ್ಟೇ. ವಿಎಲ್‌ಸಿಯಲ್ಲಿ ‘ಇ’ ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗುತ್ತದೆ. ಮೊದಲ ಸಲ ಸುಮ್ನೆ ಕಥೆಗಾಗಿ ನೋಡುತ್ತೇನೆ. ಎರಡನೇ ಸಲ ಸೌಂಡ್ ಪೂರ್ತಿ ತೆಗೆದುಬಿಡುತ್ತೇನೆ. ಮಾತು ಕೇಳುತ್ತಿದ್ದರೆ ಕಣ್ಣು ಮಾತಾಡುವವನ ಮುಖಕ್ಕೇ ಅಂಟಿಕೊಳ್ಳುತ್ತದೆ. ತಪ್ಪುಗಳು ಜಾಸ್ತಿ ಇರುವುದು ಹಿಂದೆ ಸುಮ್ಮನೆ ನಿಂತವರಲ್ಲಿ.

ಹೆಚ್ಚಾಗಿ ಸಿಗುವುದು ಬಣ್ಣದ ತಪ್ಪು. ಸ್ಟಾರ್‌ಸ್ಕ್ರೀಮ್, ಥಂಡರ್‌ಕ್ರ್ಯಾಕರ್, ಸ್ಕೈವಾರ್ಪ್ ಮೂವರೂ ಜೆಟ್ ವಿಮಾನವಾಗುವ ರೋಬೋಗಳು. ಮೂರರ ಆಟಿಕೆಗೂ ಅಚ್ಚು ಒಂದೇ, ಹಾಗಾಗಿ ಚಿತ್ರವೂ ಒಂದೇ. ಮೊದಲನೆಯವನು ಬೂದು, ಎರಡನೆಯವನು ನೀಲಿ, ಮೂರನೆಯವನು ಕಪ್ಪು-ನೇರಳೆ. ಆಗ ಗೆರೆಗಳನ್ನು ಪಾರದರ್ಶಕ ಹಾಳೆಗೆ ಇಳಿಸಿ, ಹಿಂಬದಿಯಿಂದ ಬಣ್ಣ ತುಂಬುತ್ತಿದ್ದರು. ಆ ಹಾಳೆಗೆ ಸೆಲ್ ಅಂತ ಹೆಸರು. ಗೆರೆ ನೋಡಿದರೆ ಇದು ಯಾರು ಅಂತ ಪೇಂಟರ್‌ಗೆ ಗೊತ್ತಾಗುವುದಿಲ್ಲ, ಜೊತೆಗೆ ಬಂದ ಸೂಚನೆಯನ್ನೇ ನಂಬಬೇಕು. ಅದು ತಪ್ಪಿದರೆ ಸ್ಕೈವಾರ್ಪ್‌ನ ದನಿ ಸ್ಟಾರ್‌ಸ್ಕ್ರೀಮ್‌ನ ಬಾಯಿಂದ ಬರುತ್ತದೆ. ಇಂಥದ್ದನ್ನು ನಾನು ‘ಪೇಂಟ್’ ಅಂತ ಬರೆದುಕೊಳ್ಳುತ್ತೇನೆ.

‘ಪದರ’ ಅಂತ ಇನ್ನೊಂದು ಕಾಲಂ ಇದೆ. ಮೈ, ತೋಳು, ಬಾಯಿ ಬೇರೆ ಬೇರೆ ಸೆಲ್‌ನಲ್ಲಿರುತ್ತವೆ. ಕ್ಯಾಮೆರಾ ಕೆಳಗೆ ಜೋಡಿಸುವಾಗ ಒಂದು ಸೆಲ್ ಬಿಟ್ಟುಹೋದರೆ ಕೈ ಮಾಯ, ಮೇಲೆ ಕೆಳಗೆ ಆದರೆ ಹಿಂದಿದ್ದವನು ಮುಂದೆ!

ಚಿತ್ರ ಬರೆದದ್ದು ಅಮೆರಿಕದಲ್ಲಲ್ಲ. ಜಪಾನಿನ ತೋಯಿ, ದಕ್ಷಿಣ ಕೊರಿಯಾದ ಏಕಾಮ್ ಎಂಬ ಸ್ಟುಡಿಯೋಗಳಲ್ಲಿ. ಮೂರನೇ ಸೀಸನ್ನಿನ ಬಹುಪಾಲು ಏಕಾಮ್‌ನದು, ಅಭಿಮಾನಿಗಳು ಬೈಯುವುದೂ ಅವರನ್ನೇ. ನನಗೆ ಆ ಬೈಗುಳ ಅಷ್ಟು ಸರಿ ಅನ್ನಿಸುವುದಿಲ್ಲ. ಎರಡನೇ ಸೀಸನ್ ಒಂದರಲ್ಲೇ 49 ಕಂತು. ಎಲ್ಲವೂ ಕೈಯಲ್ಲೇ ಬರೆದದ್ದು. ಆ ಅವಸರದಲ್ಲಿ ಯಾರು ಕೂತು ಎಲ್ಲ ಸೆಲ್ ತಾಳೆ ನೋಡುತ್ತಾರೆ?

ಪಟ್ಟಿಗೆ ಸೇರಿಸುವ ಮುಂಚೆ ಎರಡು ಪರೀಕ್ಷೆ ಮಾಡುತ್ತೇನೆ. ಫಿಲಂ ಓಡುವುದು ಸೆಕೆಂಡಿಗೆ 24 ಫ್ರೇಮ್, ಅಮೆರಿಕದ ಟಿವಿಯಲ್ಲಿ ಸುಮಾರು 30. ಆ ಲೆಕ್ಕ ಕೂಡಿಸಲು ಕೆಲವು ಫ್ರೇಮ್‌ಗಳಲ್ಲಿ ಎರಡು ಚಿತ್ರ ಬೆರೆತಿರುತ್ತವೆ. ನಿಲ್ಲಿಸಿ ನೋಡಿದರೆ ದೆವ್ವದ ಹಾಗೆ ಎರಡು ತಲೆ! ಅದು ಅನಿಮೇಷನ್ ತಪ್ಪಲ್ಲ. ಎರಡನೆಯದು, ಬೇರೆ ಡಿವಿಡಿ ಜೊತೆ ಹೋಲಿಸುವುದು. 2000ದ ದಶಕದ ಶುರುವಿನಲ್ಲಿ ಬಂದ ಸೆಟ್‌ಗೆ ಬಳಸಿದ ಫಿಲಂನಲ್ಲಿ ಕೆಲವು ಶಾಟ್‌ಗಳ ಕೆಲಸವೇ ಮುಗಿದಿರಲಿಲ್ಲ. ಟಿವಿಯಲ್ಲಿ ಸರಿಯಾಗಿ ಬಂದಿದ್ದ ಜಾಗದಲ್ಲೂ ಅದರಲ್ಲಿ ತಪ್ಪು ಕಾಣುತ್ತದೆ. 2009ರಲ್ಲಿ ಬಂದ ಸೆಟ್‌ನಲ್ಲಿ ಇವನ್ನು ಸರಿಪಡಿಸಿದರು.

ಲಾರಿಯಾಗಿದ್ದ ನಾಯಕ ಆಪ್ಟಿಮಸ್ ಪ್ರೈಮ್ ರೋಬೋ ಆದ ಕೂಡಲೇ ಅವನ ಟ್ರೇಲರ್ ಎಲ್ಲಿಗೆ ಹೋಗುತ್ತದೆ? ಇದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ಗೊತ್ತಿದ್ದೇ ಮಾಡಿದ್ದು, ಅಲ್ವಾ?

ಕಥೆಯ ತಪ್ಪಿಗೆ ಮಾತ್ರ ನೋಟ್‌ಬುಕ್‌ನ ಬೇರೆ ಪುಟ. ಅಲ್ಲಿ ಕನ್‌ಸ್ಟ್ರಕ್ಟಿಕಾನ್‌ಗಳು ಎಂಬ ರೋಬೋ ಗುಂಪನ್ನು ಮೀರಿಸುವವರಿಲ್ಲ. ಮೊದಲ ಸೀಸನ್ನಿನಲ್ಲಿ ಖಳನಾಯಕ ಮೆಗಾಟ್ರಾನ್ ಅವರನ್ನು ಭೂಮಿಯ ಮೇಲೆ ಕಟ್ಟುತ್ತಾನೆ. ಎರಡನೆಯದರಲ್ಲಿ ಅವರು ಹಳೇ ಕಾಲದಿಂದಲೂ ರೋಬೋಗಳ ತವರಾದ ಸೈಬರ್‌ಟ್ರಾನ್ ಗ್ರಹದವರು, ಮೆಗಾಟ್ರಾನ್ ಅವರ ತಲೆ ಕೆಡಿಸಿ ತನ್ನ ಕಡೆ ಮಾಡಿಕೊಂಡ. ಮೂರನೆಯದರಲ್ಲಿ ಮೆಗಾಟ್ರಾನ್‌ನನ್ನು ಕಟ್ಟಿದ್ದೇ ಅವರು! ಇದನ್ನು ಪೇಂಟರ್ ತಲೆಗೆ ಕಟ್ಟಲಾಗದು. ಕಥೆ ಬರೆದ ಕೈಗಳು ಬೇರೆ ಬೇರೆ, ಹಿಂದಿನದನ್ನು ತಿರುಗಿ ನೋಡಿದವರಿಲ್ಲ. ಮೂರನ್ನೂ ಹೊಂದಿಸಲು ಅಭಿಮಾನಿಗಳು ಜಾಣ ವಿವರಣೆ ಕೊಡುತ್ತಾರೆ. ಅವಕ್ಕೆ ನನ್ನ ಪುಟದಲ್ಲಿ ಜಾಗ ಇಲ್ಲ. ತೆರೆಯ ಮೇಲೆ ಬಂದದ್ದಷ್ಟನ್ನೇ ಬರೆಯುತ್ತೇನೆ.